ಕೋಳಿಮರಿ ಗುಟುಕಿಗೊಮ್ಮೆ ಮೇಲೆ ನೋಡುವುದೇಕೆ

ಇದು ನಡೆದದ್ದು ಲೋಕ ಹುಟ್ಟಿದ ಏಳನೆಯ ವರ್ಷ, ಹುರುಳಿ ಕೀಳುವ ಕಾಲದಲ್ಲಿ.

ಆಗ ಎಲ್ಲವೂ ಹೊಸದು. ಗುಡ್ಡದ ಕಲ್ಲುಗಳ ಅಂಚು ಇನ್ನೂ ಸವೆದಿರಲಿಲ್ಲ. ಹಳ್ಳಕ್ಕೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಒಂದು ವರ್ಷ ಬಂಡೆಯ ಎಡಕ್ಕೆ ಹರಿದರೆ ಮರುವರ್ಷ ಬಲಕ್ಕೆ ಹರಿಯುತ್ತಿತ್ತು. ಗಾಳಿ, ಬೆಂಕಿ, ನೀರು ಎಲ್ಲವೂ ಮಾತಾಡುತ್ತಿದ್ದವು. ಕೇಳುವವರಿಗೆ ಪುರುಸೊತ್ತೂ ಇತ್ತು.

ಲೋಕದಲ್ಲಿ ಆಗ ಇದ್ದ ಕೋಳಿ ಎಂದರೆ ಒಂದು ಹುಂಜ, ಒಂದು ಹೇಂಟೆ. ಹೇಂಟೆಯದು ಬೂದಿ ಬಣ್ಣ. ಅದು ಮಾಳವ್ವನ ಗುಡಿಸಲಿನ ಹಿಂದೆ, ಕಾರೆಮುಳ್ಳಿನ ಪೊದೆಯ ಬುಡದಲ್ಲಿ ಒಂಬತ್ತು ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತು. ಮಾಳವ್ವ ಕುರಿ ಸಾಕುವವಳು. ಅವಳ ಗಂಡ ಅಮೋಗಿ ಕಂಬಳಿ ನೇಯುವವನು.

ಒಂಬತ್ತು ಮೊಟ್ಟೆಯೂ ಒಡೆದವು. ಒಂಬತ್ತು ಮರಿ ಹೊರಗೆ ಬಂದವು.

ಅದೇ ದಿನ ಮಧ್ಯಾಹ್ನ ಹದ್ದು ಬಂತು. ಅಲ್ಲಿಯವರೆಗೆ ಹದ್ದು ಆಕಾಶ ಬಿಟ್ಟು ಇಳಿದದ್ದೇ ಇರಲಿಲ್ಲ. ಹಾಗಾಗಿ ಅದರ ಭಯ ಯಾರಿಗೂ ಗೊತ್ತಿರಲಿಲ್ಲ. ಹೇಂಟೆಗೆ ಮಾತ್ರ ಏನೋ ಅನಿಸಿತು. ಕೊಕ್ ಕೊಕ್ ಎಂದು ಮರಿಗಳನ್ನು ಪೊದೆಯೊಳಗೆ ಕಳಿಸಿತು. ಒಂಬತ್ತೂ ಒಳಗೆ ಹೋದ ಮೇಲೆ ಅದಕ್ಕೆ ಜಾಗ ಉಳಿಯಲಿಲ್ಲ. ರೆಕ್ಕೆ ಅಗಲಿಸಿ ಪೊದೆಯ ಬಾಯಿಗೆ ಅಡ್ಡ ನಿಂತಿತು.

ಹದ್ದು ಅದನ್ನು ಎತ್ತಿಕೊಂಡು ಹೋಯಿತು.

ಮರಿಗಳು ಮುಳ್ಳಿನ ಸಂದಿನಿಂದ ನೋಡುತ್ತಿದ್ದವು. ಅವ್ವ ಮೇಲೆ ಹೋದಳು. ಬದನೆಕಾಯಿಯಷ್ಟಾದಳು. ಹುರುಳಿಕಾಳಿನಷ್ಟಾದಳು. ಸಾಸಿವೆಯಷ್ಟಾದಳು. ಆಮೇಲೆ ಬರೀ ಆಕಾಶ ಉಳಿಯಿತು.

ಹುಟ್ಟಿ ಒಂದು ದಿನ ಆಗದ ಮರಿಗಳಿಗೆ ಸಾವು ಎಂದರೇನೆಂದು ಗೊತ್ತಿರಲಿಲ್ಲ. ಅವ್ವ ಮೇಲೆ ಹೋದಳು ಎನ್ನುವುದಷ್ಟೇ ಗೊತ್ತಿತ್ತು.

“ಮ್ಯಾಲೆ ಹೋದವರು ಇಳದು ಬರ್ತಾರ,” ಎಂದಿತು ಎಲ್ಲಕ್ಕಿಂತ ಮೊದಲು ಹುಟ್ಟಿದ ಮರಿ. ಅದರ ಹಣೆಯ ಮೇಲೆ ಒಂದು ಕಪ್ಪು ಬೊಟ್ಟು ಇತ್ತು. “ಅಪ್ಪ ಬಂಡಿಗಲ್ಲು ಹತ್ತಿ ಕೂಗಿ ಇಳದು ಬಂದಿಲ್ಲೇನು? ಹಂಗ.”

ಮಾಳವ್ವ ಹೊಲದಿಂದ ಬಂದಾಗ ಪೊದೆಯೊಳಗೆ ಚಿಯ್ಯೋ ಚಿಯ್ಯೋ ಎನ್ನುವ ಸದ್ದು. ನೆಲದ ಮೇಲೆ ಮೂರು ಬೂದಿ ಬಣ್ಣದ ಗರಿ. ಅವಳಿಗೆ ಎಲ್ಲ ಅರ್ಥವಾಯಿತು. ನೇರವಾಗಿ ಹುಂಜನ ಹತ್ತಿರ ಹೋದಳು.

“ಏನಪಾ ಯಜಮಾನ, ಇನ್ನ ಈ ಮರಿ ನೋಡವರು ಯಾರು?”

ಹುಂಜ ಕುತ್ತಿಗೆ ಎತ್ತರಿಸಿತು. “ನನಗ ದಿನಾ ಮುಂಜಾನೆ ಸೂರ್ಯನ್ನ ಎಬ್ಬಸೂದು ಅದ. ಒಂದು ದಿನ ತಪ್ಪಿದರ ಲೋಕಕ್ಕ ಕತ್ತಲಿ. ಮರಿ-ಗಿರಿ ನನ್ನಿಂದ ಆಗೂದಿಲ್ಲ.”

“ಹೌದೌದು. ನೀ ಎಬ್ಬಸಲಿಲ್ಲ ಅಂದ್ರ ಅಂವ ಮಕ್ಕೊಂಡs ಇರ್ತಾನ,” ಎಂದಳು ಮಾಳವ್ವ. ಸೆರಗಿನಲ್ಲಿ ಒಂಬತ್ತು ಮರಿ ತುಂಬಿಕೊಂಡು ಒಳಗೆ ಹೋದಳು.

ಅಮೋಗಿ ಮಗ್ಗದಿಂದ ತಲೆ ಎತ್ತಿ ನೋಡಿದ. “ಕೋಳಿ ಮರಿ ಕೋಳಿನs ಸಾಕಬೇಕು. ನಿನಗ ರೆಕ್ಕಿ ಅದಾವೇನು?”

“ರೆಕ್ಕಿ ಇಲ್ಲ. ನೀವು ನೇದ ಕಂಬಳಿ ಅದ.”

“ಸತ್ತರ?”

“ಇವು ಸತ್ತರ ಲೋಕದಾಗ ಇನ್ನ ಕೋಳಿನs ಇಲ್ಲ. ಸುಮ್ನ ಒಂದು ಬುಟ್ಟಿ ಕೊಡ್ರಿ.”

ಮೊದಲು ಕಾವು ಬೇಕು. ಮಾಳವ್ವ ಬುಟ್ಟಿಯಲ್ಲಿ ಕಂಬಳಿ ಹಾಸಿ ಒಲೆಯ ಪಕ್ಕ ಇಟ್ಟಳು. ಬೆಂಕಿಗೆ ಗಾಬರಿಯಾಯಿತು.

“ನನಗ ಸುಡೂದಷ್ಟs ಗೊತ್ತು. ಕಾವು ಕೊಡೂದು ಗೊತ್ತಿಲ್ಲ.”

“ಹಂಗಾರ ಕಲಿ,” ಎಂದಳು ಮಾಳವ್ವ. ಕೆಂಡದ ಮೇಲೆ ಎರಡು ಹಿಡಿ ಬೂದಿ ಹೊದಿಸಿದಳು. ಮರಿಗಳು ಒಂದರ ಮೇಲೊಂದು ಬಿದ್ದರೆ ಚಳಿ. ಆಗ ಬುಟ್ಟಿಯನ್ನು ಹತ್ತಿರ ಎಳೆದಳು. ದೂರದ ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. ಆಗ ಆಚೆ ತಳ್ಳಿದಳು. ಬುಟ್ಟಿಯ ತುಂಬ ಹರಡಿ ಮಲಗಿದರೆ ಹದ. ಹೀಗೆ ಎಳೆದು ತಳ್ಳಿ, ಎಳೆದು ತಳ್ಳಿ, ಬೆಂಕಿಯೂ ಕಲಿಯಿತು, ಅವಳೂ ಕಲಿತಳು.

ಆಮೇಲೆ ಕಾಳು. ಜೋಳದ ನುಚ್ಚನ್ನು ನೆಲದ ಮೇಲೆ ಚೆಲ್ಲಿ, ಬೆರಳಿನ ತುದಿಯಿಂದ ಟಕ ಟಕ ಕುಟ್ಟಿದಳು. ಮರಿಗಳು ಬೆರಳನ್ನು ನೋಡಿದವು. ನುಚ್ಚನ್ನು ನೋಡಿದವು. ಅವೂ ಟಕ ಟಕ ಕುಟ್ಟಿದವು.

ಕೊನೆಗೆ ನೀರು. ಮಡಕೆಯ ಮುಚ್ಚಳ ಅಂಗಾತ ಇಟ್ಟು, ಮರಿ ಮುಳುಗದಂತೆ ಅದರಲ್ಲಿ ನುಣುಪಾದ ಹರಳು ಇಟ್ಟು, ನೀರು ಸುರಿದಳು. ಒಂದು ಮರಿಯೂ ಹತ್ತಿರ ಬರಲಿಲ್ಲ. ಒಂದೊಂದನ್ನೇ ಹಿಡಿದು ಕೊಕ್ಕು ಅದ್ದಿದಳು. ಅವು ತಲೆ ಕೊಡವಿ ನೀರು ಚೆಲ್ಲಿದವು.

“ಅವ್ವ ಬರಲಿ. ಆಮ್ಯಾಲೆ ಕುಡಿತೀವಿ,” ಎಂದಿತು ಬೊಟ್ಟಿನ ಮರಿ.

ಒಂದು ದಿನ ಕಳೆಯಿತು. ಎರಡನೆಯ ದಿನವೂ ಅರ್ಧ ಕಳೆಯಿತು. ಮರಿಗಳ ಕಾಲು ಒಣಗಿ ಕಡ್ಡಿಯಾದವು. ಎರಡು ಮರಿ ಕಣ್ಣು ಮುಚ್ಚಿ ಕೂತವು.

ಮಾಳವ್ವನಿಗೆ ಇಬ್ಬರು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿ ಗೊತ್ತಿತ್ತು. ಮಕ್ಕಳು ಉಣ್ಣದೆ ಹಟ ಹಿಡಿದರೆ ಎತ್ತಿಕೊಂಡು ಹೊರಗೆ ಹೋಗಬೇಕು. ಚಂದಪ್ಪನನ್ನು ತೋರಿಸಬೇಕು. ಮಗು ಬಾಯಿ ತೆರೆದು ಮೇಲೆ ನೋಡುವಾಗ ತುತ್ತು ಇಡಬೇಕು. ಎಲ್ಲ ತಾಯಂದಿರೂ ಮಾಡುವುದು ಅದನ್ನೇ. ಅವಳೂ ಬುಟ್ಟಿ, ನೀರಿನ ಮುಚ್ಚಳ ಎತ್ತಿಕೊಂಡು ಅಂಗಳಕ್ಕೆ ಬಂದು ಮರಿಗಳನ್ನು ಕೆಳಗೆ ಬಿಟ್ಟಳು. ಆದರೆ ಅದು ಹಗಲು. ಚಂದ್ರ ಇರಲಿಲ್ಲ. ತೋರಿಸಲು ಬೇರೆ ಏನೂ ಸಿಗಲಿಲ್ಲ.

“ಅಗಾ, ಅಲ್ಲಿ ನೋಡ್ರಿ,” ಎಂದು ಬೆರಳು ಎತ್ತಿದಳು. “ನಿಮ್ಮವ್ವ ಮ್ಯಾಲೆ ಅದಾಳ. ನೀವು ನೀರು ಕುಡಿಯೂದನ್ನ ನೋಡಾಕತ್ತಾಳ.”

ಬೊಟ್ಟಿನ ಮರಿ ಓಡಿಬಂದು ಕೊಕ್ಕು ಅದ್ದಿತು. ತಲೆ ಎತ್ತಿ ಆಕಾಶ ನೋಡಿತು. ನೀರು ಗಂಟಲಿಗೆ ಇಳಿಯಿತು. ಉಳಿದ ಎಂಟೂ ಹಾಗೆಯೇ ಮಾಡಿದವು. ಒಂದು ಗುಟುಕು, ಒಂದು ನೋಟ. ಒಂದು ಗುಟುಕು, ಒಂದು ನೋಟ.

ಅಮೋಗಿ ಬಾಗಿಲಲ್ಲಿ ನಿಂತು ನಕ್ಕ. “ನಾವು ಚೊಂಬು ಎತ್ತಿ ಕುಡದಂಗ ಕುಡಿತಾವಲ್ಲೇ!” ಆಮೇಲೆ ದನಿ ತಗ್ಗಿಸಿದ. “ಆದರ ನೀ ಹೇಳಿದ್ದು ಸುಳ್ಳು.”

“ಸುಳ್ಳs. ಜೀವ ಉಳೀತಲ್ಲ,” ಎಂದಳು ಮಾಳವ್ವ.

ದಿನಗಳು ಕಳೆದವು. ಮರಿಗಳಿಗೆ ರೆಕ್ಕೆಯ ತುದಿಯಲ್ಲಿ ಗರಿ ಮೂಡಿತು. ಅವು ಅಂಗಳದಲ್ಲಿ ತಿರುಗಾಡುವಷ್ಟಾದವು. ದಿನವೂ ಗಾಳಿಯನ್ನು ನಿಲ್ಲಿಸಿ ಕೇಳುತ್ತಿದ್ದವು.

“ಗಾಳಿಮಾಮಾ, ನೀ ಮ್ಯಾಲೆಲ್ಲ ತಿರಗತಿ. ನಮ್ಮವ್ವನ್ನ ಕಂಡಿಯೇನು?”

ಗಾಳಿ ಕಂಡದ್ದು ಹದ್ದಿನ ಮರದ ಕೆಳಗೆ ಬಿದ್ದ ಗರಿಗಳನ್ನು. ಅದನ್ನು ಹೇಳಲು ಗಾಳಿಗೆ ಬಾಯಿ ಬರಲಿಲ್ಲ. ಬರಿಗೈಯಲ್ಲಿ ಬರಲೂ ಮನಸ್ಸಾಗಲಿಲ್ಲ. ಒಂದು ಬೂದಿ ಬಣ್ಣದ ಗರಿಯನ್ನು ಹೊತ್ತು ತಂದು ಮೆಲ್ಲಗೆ ಅಂಗಳಕ್ಕೆ ಬಿಟ್ಟಿತು.

“ಅವ್ವ ಕಳಿಸ್ಯಾಳ!” ಮರಿಗಳು ಗರಿಯ ಸುತ್ತ ಕುಣಿದವು. “ಇನ್ನ ಇಳದು ಬರ್ತಾಳ!”

ಅಂದಿನಿಂದ ಅವು ನೀರು ಕುಡಿಯದಿರುವಾಗಲೂ ಆಕಾಶ ನೋಡತೊಡಗಿದವು.

ಹದಿನಾಲ್ಕನೆಯ ದಿನ ಮಾಳವ್ವ ಹಳ್ಳದಲ್ಲಿ ಉಣ್ಣೆ ತೊಳೆಯುತ್ತಿದ್ದಳು. ನೀರಿನ ಮೇಲೆ ಒಂದು ನೆರಳು ಹಾದುಹೋಯಿತು.

“ಮಾಳವ್ವಾ, ನನ್ನ ಮ್ಯಾಲಿಂದ ರೆಕ್ಕಿ ಹೋತು,” ಎಂದಿತು ಹಳ್ಳ. “ನಿನ್ನ ಮನಿ ಕಡೆ.”

ಅವಳು ಉಣ್ಣೆ ಬಿಟ್ಟು ಓಡಿದಳು.

ತಾಯಿ ಇದ್ದ ಮರಿಗಳಾದರೆ ಇಷ್ಟು ಹೊತ್ತಿಗೆ ರೆಕ್ಕೆಯಡಿ ಸೇರುತ್ತಿದ್ದವು. ಇವು ಬುಟ್ಟಿಯಿಂದ ಹೊರಗೆ ಬಂದು, ಅಂಗಳದ ನಟ್ಟನಡುವೆ, ಕುತ್ತಿಗೆ ಚಾಚಿ ನಿಂತಿದ್ದವು. ಆಕಾಶದಲ್ಲಿ ಸಾಸಿವೆಯಷ್ಟು ಏನೋ ಕಂಡಿತು. ಹುರುಳಿಕಾಳಿನಷ್ಟಾಯಿತು. ಬದನೆಕಾಯಿಯಷ್ಟಾಯಿತು.

“ಅವ್ವ ಬಂದ್ಲು! ಅವ್ವ ಬಂದ್ಲು!”

ಬೊಟ್ಟಿನ ಮರಿ ಎಲ್ಲಕ್ಕಿಂತ ಮುಂದೆ ಓಡಿತು.

ಮಾಳವ್ವ ಬೇಲಿಯ ಮೇಲಿದ್ದ ಕಂಬಳಿ ಕಿತ್ತು ಬೀಸಿ ಒಗೆದಳು. ಕಂಬಳಿ ಮರಿಗಳ ಮೇಲೆ ಬಿತ್ತು. ಹದ್ದು ಕಂಬಳಿಯ ಆಚೆ ಇಳಿದು, ಎದ್ದು, ಬಂಡೆಯ ಮೇಲೆ ಕೂತಿತು.

“ಪಾಪಿ! ತಾಯಿನ್ನ ತಿಂದಿ, ಇನ್ನೂ ಸಾಕಾಗಲಿಲ್ಲೇನು?” ಮಾಳವ್ವ ಕಲ್ಲು ಎತ್ತಿದಳು.

“ನನ್ನ ಗೂಡಿನಾಗೂ ಎರಡು ಅದಾವ,” ಎಂದಿತು ಹದ್ದು. “ಅವೂ ನನ್ನ ದಾರಿ ನೋಡ್ತಾವ.” ಕಾಲಲ್ಲಿ ಹಿಡಿದದ್ದರೊಂದಿಗೆ ಅದು ಹಾರಿಹೋಯಿತು.

ಅವಳು ಕಂಬಳಿಯ ಅಂಚು ಎತ್ತಿ ಕೈಯಾಡಿಸಿ ಎಣಿಸಿದಳು. ಎಂಟು. ಮತ್ತೊಮ್ಮೆ ಎಣಿಸಿದಳು. ಎಂಟು.

ಅವಳೂ ತಲೆಯನ್ನು ಕಂಬಳಿಯೊಳಗೆ ತೂರಿಸಿ ಕೂತಳು. ಒಳಗೆ ಕತ್ತಲು, ಕುರಿಯ ವಾಸನೆ.

“ಬೊಟ್ಟಿನ ಅಕ್ಕ ಅವ್ವನ ಸಂಗಾಟ ಹೋದಳೇನು?” ಎಂದು ಒಂದು ಮರಿ ಕೇಳಿತು.

“ಇಲ್ಲಪ್ಪಾ,” ಎಂದಳು ಮಾಳವ್ವ. “ನಾನು ನಿಮಗ ಸುಳ್ಳು ಹೇಳಿದ್ದೆ. ನಿಮ್ಮವ್ವನ್ನ ಹದ್ದು ತಿಂದದ. ಅಕ್ಕನ್ನೂ ತಿಂತದ. ಮ್ಯಾಲೆ ಯಾರೂ ಇಲ್ಲ. ಮ್ಯಾಲಿಂದ ನೆಳ್ಳು ಬಂತು ಅಂದ್ರ ಓಡಿ ಇದರ ಬುಡಕ ಸೇರ್ರಿ. ಅವ್ವ ಅಂತ ಹೊರಗ ಹೋಗಬ್ಯಾಡ್ರಿ.”

ಎಂಟು ಮರಿಗಳೂ ಅವಳ ಹತ್ತಿರ ಒತ್ತಿ ಕೂತವು. ಒಂದು ಕೇಳಿತು.

“ಹಂಗಾರ ಆ ಗರಿ?”

ಗಾಳಿ ಗುಡಿಸಲಿನ ಹಿಂದೆ ಅಡಗಿತು. ಆ ದಿನವೆಲ್ಲ ಬೀಸಲಿಲ್ಲ.

ಮರಿಗಳು ನೆರಳಿಗೆ ಹೆದರುವುದನ್ನು ಕಲಿತವು. ಮೋಡದ ನೆರಳು ಬಿದ್ದರೂ ಕಂಬಳಿಯ ಕೆಳಗೆ ಓಡಿದವು. ಕಾಗೆ ಹಾರಿದರೂ ಓಡಿದವು. ಮಾಳವ್ವ ಸಮಾಧಾನಪಟ್ಟಳು. ಆದರೆ ನೀರಿನ ಮುಚ್ಚಳದ ಹತ್ತಿರ ಬೇರೆ ತೊಂದರೆ ಶುರುವಾಯಿತು.

“ಇನ್ನ ಮ್ಯಾಲೆ ನೋಡಬ್ಯಾಡ್ರಿ,” ಎಂದಳು. “ಎಮ್ಮಿ ಹಂಗ ತಲಿ ತಗ್ಗಿಸಿ ಕುಡೀರಿ. ಮ್ಯಾಲೆ ನೋಡಿದಾಗೆಲ್ಲ ಆಸಿ ಹುಟ್ಟತದ.”

ಮರಿಗಳು ಅವಳ ಮಾತು ಕೇಳಿದವು. ಕೊಕ್ಕು ಅದ್ದಿದವು. ತಲೆ ಎತ್ತಲಿಲ್ಲ. ನೀರು ಕೊಕ್ಕಿನಲ್ಲೇ ನಿಂತಿತು. ಒಳಗೆ ಹೋಗಲಿಲ್ಲ. ತೊಟತೊಟ ಎಂದು ಮತ್ತೆ ಮುಚ್ಚಳಕ್ಕೇ ಬಿತ್ತು. ಮತ್ತೆ ಅದ್ದಿದವು. ಮತ್ತೆ ಬಿತ್ತು. ಸಂಜೆಯ ಹೊತ್ತಿಗೆ ಕಾಲುಗಳು ಮತ್ತೆ ಕಡ್ಡಿಯಾದವು.

ಮಾಳವ್ವ ಹಳ್ಳದ ಹತ್ತಿರ ಹೋಗಿ ಜಗಳಕ್ಕೆ ನಿಂತಳು. “ನಿನ್ನ ನೀರು ಯಾಕ ಇವುಗಳ ಗಂಟಲಾಗ ಇಳೀವಲ್ದು?”

“ನನಗ ಇಳಿಜಾರ ಹರಿಯೂದು ಒಂದs ಗೊತ್ತು,” ಎಂದಿತು ಹಳ್ಳ. “ಅವು ತಲಿ ಎತ್ತಿದರ ಗಂಟಲು ಇಳಿಜಾರ ಆಗ್ತದ. ತಗ್ಗಿಸಿದರ ಗಂಟಲು ದಿನ್ನಿ ಆಗ್ತದ. ದಿನ್ನಿ ನಾ ಹತ್ತಲಾರೆ.”

“ಎಮ್ಮಿ ಹೆಂಗ ಕುಡೀತದ?”

“ಎಮ್ಮಿಗೆ ಎಳಕೊಂಡು ಕುಡಿಯೂದು ಅದರವ್ವ ಕಲಿಸ್ಯಾಳ. ಇವಕ್ಕ ಕಲಿಸಿದಾಕಿ ನೀನು.”

 ಮಾಳವ್ವ ಮನೆಗೆ ಬಂದು ಮರಿಗಳ ಪಕ್ಕದಲ್ಲಿ ನೆಲಕ್ಕೆ ಕೈಯೂರಿ ಕೂತಳು.

“ಆತು. ನೋಡ್ರಿ,” ಎಂದಳು.

“ಯಾರೂ ಇಲ್ಲ ಅಂದೆಲ್ಲ?”

“ಇಲ್ಲ. ಆದರೂ ನೋಡ್ರಿ.”

ಮರಿಗಳು ಕೊಕ್ಕು ಅದ್ದಿದವು. ತಲೆ ಎತ್ತಿದವು. ಮೇಲೆ ಯಾರೂ ಇರಲಿಲ್ಲ. ನೀರು ಗಂಟಲಿಗೆ ಇಳಿಯಿತು.

ಎಂಟೂ ಬದುಕಿದವು. ಐದು ಹೇಂಟೆಗಳಾದವು, ಮೂರು ಹುಂಜಗಳಾದವು. ಹೇಂಟೆಗಳು ಮೊಟ್ಟೆ ಇಟ್ಟವು, ಕಾವಿಗೆ ಕೂತವು, ಮರಿ ಮಾಡಿದವು. ಆ ಮರಿಗಳಿಗೆ ಅವ್ವ ಇದ್ದಳು. ರೆಕ್ಕೆ ಇತ್ತು. ಆದರೂ ಮೊದಲ ಗುಟುಕಿಗೇ ಅವು ತಲೆ ಎತ್ತಿದವು.

“ಅವ್ವಾ, ನಾವು ಯಾರನ್ನ ನೋಡಾಕತ್ತೀವಿ?” ಎಂದು ಒಂದು ಮರಿ ಕೇಳಿತು.

 ತಾಯಿಕೋಳಿ ತಾನೂ ಒಂದು ಗುಟುಕು ತೆಗೆದುಕೊಂಡು, ತಲೆ ಎತ್ತಿ, ತುಸು ಹೊತ್ತು ಹಾಗೆಯೇ ನಿಂತಿತು.

“ನಮ್ಮವ್ವನ್ನ,” ಎಂದಿತು. “ಕುಡಿ.”

ಅದಕ್ಕೇ ಇವತ್ತಿಗೂ ಕೋಳಿ ಒಂದೇ ಉಸಿರಿಗೆ ನೀರು ಕುಡಿಯುವುದಿಲ್ಲ. ಒಂದು ಗುಟುಕು, ಒಂದು ನೋಟ. ನೀನೂ ಹಿತ್ತಲಿಗೆ ಹೋಗಿ, ಸದ್ದು ಮಾಡದೆ ಕೂತು ಎಣಿಸು. ಇವತ್ತು ಬೆಳಿಗ್ಗೆ ನಮ್ಮ ಮನೆಯ ಮರಿಯೊಂದು ಹದಿನೇಳು ಗುಟುಕು ನೀರು ಕುಡಿಯಿತು. ಹದಿನೇಳು ಸಲ ಮೇಲೆ ನೋಡಿತು.