ಜೇನು ಹಚ್ಚಿದ ಹೆಗಲು

“ಗುರುಗಳೇ, ಗೆಳೆಯನ ಮನಸ್ಸು ನೋಯಿಸಿಬಿಟ್ಟೆ. ದಿನವೂ ಅವನ ಮನೆಗೆ ಹೋಗಿ ಕ್ಷಮೆ ಕೇಳುತ್ತಿದ್ದೇನೆ. ಆದರೂ ಅವನು ಮೊದಲಿನಂತಾಗಲಿಲ್ಲ, ಏಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ಕರುವಾಗಿದ್ದಾಗಿನಿಂದ ಮಗನಂತೆ ಸಾಕಿದ ಎತ್ತು ಅವನ ಗಾಣ ತಿರುಗಿಸುತ್ತಿತ್ತು. ಒಮ್ಮೆ ನೊಗ ಉಜ್ಜಿ ಉಜ್ಜಿ ಅದರ ಹೆಗಲಿನಲ್ಲಿ ಗಡ್ಡೆ ಎದ್ದಿತು. ಗಾಣಿಗನಿಗೆ ಅದು ಕಾಣದೆ ಇರಲಿಲ್ಲ. ಆದರೆ ಹಬ್ಬ ಹತ್ತಿರವಾಗಿತ್ತು, ಊರೆಲ್ಲ ಎಣ್ಣೆ ಕೇಳುತ್ತಿತ್ತು. ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ಎಂದು ಹೂಡುತ್ತಲೇ ಹೋದ. ಕೊನೆಗೆ ಎತ್ತು ಗಾಣದ ಪಕ್ಕದಲ್ಲೇ ಕುಸಿದಾಗ ಅವನ ಜೀವ ಬಾಯಿಗೆ ಬಂತು.

ದನದ ವೈದ್ಯ ಬಂದು ಗಡ್ಡೆಯನ್ನು ಕೊಯ್ದು ತೆಗೆದ. ಗಾಯದ ತುಂಬ ಜೇನು ಹಚ್ಚಿ, ಬಟ್ಟೆಯ ಪಟ್ಟಿ ಕಟ್ಟಿ, ತಾನು ಬರುವವರೆಗೆ ಬಿಚ್ಚಕೂಡದೆಂದು ಹೇಳಿಹೋದ.

ಗಾಣಿಗನ ಕರುಳು ಕೇಳಬೇಕಲ್ಲ. ಬೆಳಗಾದರೆ ಪಟ್ಟಿ ಬಿಚ್ಚಿ ನೋಡುವನು. ತಪ್ಪಾಯಿತಪ್ಪಾ ಎಂದು ಎತ್ತಿನ ಮುಂದೆ ಅಳುವನು. ಇನ್ನಷ್ಟು ಜೇನು ಸುರಿದು ಕಟ್ಟುವನು. ಸಂಜೆಗೆ ಮತ್ತೆ ಅದೇ ಪೂಜೆ. ಅಂಟಿದ ಬಟ್ಟೆಯ ಜೊತೆ ಆಗತಾನೆ ಕೂಡುತ್ತಿದ್ದ ಎಳೆಯ ಚರ್ಮವೂ ಕಿತ್ತು ಬರುತ್ತಿತ್ತು. ಗಾಯ ಕೆಂಪಗೇ ಉಳಿಯಿತು, ಎತ್ತಿಗೆ ಜ್ವರ ಏರಿತು. ಅವನನ್ನು ಕಂಡರೆ ಮೂತಿ ಚಾಚುತ್ತಿದ್ದ ಪ್ರಾಣಿ ಈಗ ಗೋಡೆಗೆ ಒತ್ತಿಕೊಂಡು ನಡುಗತೊಡಗಿತು. ಗಾಣಿಗನಿಗೆ ಅದಕ್ಕಿಂತ ದೊಡ್ಡ ದುಃಖ ಬೇರೆ ಇರಲಿಲ್ಲ.

ವೈದ್ಯ ಮರಳಿ ಬಂದ. ಯಾರು ಬಿಚ್ಚಿದ್ದೆಂದು ಅವನು ಕೇಳಬೇಕಾಗಲಿಲ್ಲ.

“ನೋಡದೆ ಇರಲಾಗಲಿಲ್ಲ ಸ್ವಾಮಿ. ಒಳ್ಳೆಯ ಜೇನನ್ನೇ ಹಾಕಿದ್ದೇನೆ,” ಎಂದ ಗಾಣಿಗ.

“ಜೇನು ತನ್ನ ಕೆಲಸ ತಾನು ಮಾಡುತ್ತದಪ್ಪ. ನೀನು ಕೈ ಕಟ್ಟಿಕೊಂಡು ಕೂತುಕೋ,” ಎಂದ ವೈದ್ಯ.

ಅಂದಿನಿಂದ ಪಟ್ಟಿ ಬದಲಿಸುವುದು ವೈದ್ಯನ ಪಾಲಾಯಿತು. ಗಾಣಿಗ ಹುಲ್ಲು ಹಾಕುವನು, ನೀರಿಡುವನು, ಸ್ವಲ್ಪ ಸರಿದು ಕೂರುವನು. ನಾಲಿಗೆಯ ತುದಿಗೆ ಬಂದ ಮಾತನ್ನೂ ನುಂಗಿಕೊಳ್ಳುವನು. ಸುಮ್ಮನೆ ಕೂರುವುದು ಗಾಣ ಎಳೆಯುವುದಕ್ಕಿಂತ ಕಷ್ಟವೆಂದು ಅವನಿಗೆ ಆಗ ತಿಳಿಯಿತು. ಗಾಯ ಮೆಲ್ಲಗೆ ಮಾಯುತ್ತ ಬಂತು. ಒಂದು ಮಧ್ಯಾಹ್ನ ಎತ್ತು ತಾನಾಗಿಯೇ ಎದ್ದು ಬಂದು ಅವನ ಮಡಿಲಿನಲ್ಲಿ ಮೂತಿ ಇಟ್ಟಿತು. ಗಾಣಿಗನ ಕಣ್ಣು ತುಂಬಿ ಬಂತು, ಆದರೂ ಅವನು ಹೆಗಲು ಮುಟ್ಟಲಿಲ್ಲ.

ಕತೆ ಮುಗಿಯಿತು. ಹಾಗಾದರೆ ಕ್ಷಮೆ ಕೇಳುವುದೇ ತಪ್ಪೇ ಎಂದು ಶಿಷ್ಯ ಮೆಲುದನಿಯಲ್ಲಿ ಕೇಳಿದ.

“ಮೊದಲ ದಿನ ಕೇಳಿದ್ದು ಅವನಿಗಾಗಿ; ದಿನವೂ ಕೇಳುತ್ತಿರುವುದು ಯಾರಿಗಾಗಿ, ಮಗು?” ಎಂದರು ಗುರುಗಳು.