ಎಲೆಯಿಂದೆದ್ದ ನಕ್ಷತ್ರ

ಅನಿಲ ಮತ್ತು ಧೂಳು ತುಂಬಿದ ಮುದಿ ಮೋಡವೊಂದರ ಮಡಿಲಲ್ಲಿ ಎಳೆಯ ನಕ್ಷತ್ರ ಬೆಳೆಯುತ್ತಿತ್ತು. ಮೋಡದ ಅನಿಲವೇ ಅದಕ್ಕೆ ಊಟ. ಆಕಾಶಕ್ಕೆಲ್ಲ ದೊಡ್ಡ ನಕ್ಷತ್ರವಾಗಬೇಕೆಂಬುದು ಅದರ ಆಸೆ. ಆಗುವ ಮೊದಲೇ ಹಾಗೆ ಅನ್ನಿಸಿಕೊಳ್ಳಬೇಕೆಂಬುದು ಅದರ ಆತುರ.

"ಅಜ್ಜಿ, ನಿನ್ನ ಧೂಳಿನ ಸೆರಗಿನೊಳಗೆ ನಾನು ಯಾರಿಗೂ ಕಾಣುತ್ತಿಲ್ಲ. ಸ್ವಲ್ಪ ಆಚೆ ಸರಿ," ಎಂದಿತು ನಕ್ಷತ್ರ.

"ಮೊದಲು ಊಟ ಮುಗಿಸು ಮಗಾ, ಆಮೇಲೆ ಮೆರೆಯುವೆಯಂತೆ. ಇನ್ನೂ ಅರ್ಧ ಹೊಟ್ಟೆಯೂ ತುಂಬಿಲ್ಲ," ಎಂದಿತು ಮೋಡ.

"ಊಟ ಇದ್ದದ್ದೇ. ನನ್ನನ್ನು ಬಿಟ್ಟು ನೀನೆಲ್ಲಿಗೆ ಹೋಗ್ತೀಯ?"

"ನೀನು ಊದಿದ ಕಡೆಗೆ."

ನಕ್ಷತ್ರ ಮೈಯ ಬಿಸಿಯನ್ನೆಲ್ಲ ಒಟ್ಟುಗೂಡಿಸಿ ಊದಿಯೇಬಿಟ್ಟಿತು. ಧೂಳು ಹಾರಿತು, ಅದರ ಜೊತೆಗೆ ಅನಿಲವೂ ಹಾರಿತು. ಝಗ್ಗನೆ ಬೆಳಗಿದ ನಕ್ಷತ್ರವನ್ನು ನೆರೆಯವರು ತಿರುಗಿ ನೋಡಿ, "ಚಿಕ್ಕದಾದರೂ ಚೊಕ್ಕವಾಗಿದೆ," ಎಂದರು.

"ಚಿಕ್ಕದೇ? ತಾಳಿ, ನಾನಿನ್ನೂ ಬೆಳೆಯುವುದಿದೆ!" ಎಂದು ನಕ್ಷತ್ರ ತುತ್ತಿಗೆ ಬಾಯಿ ತೆರೆಯಿತು. ಸುತ್ತ ಏನೂ ಇರಲಿಲ್ಲ.

ತಳ್ಳಿಸಿಕೊಂಡ ಮೋಡ ದೂರದಲ್ಲಿ ಮಡಿಕೆ ಮಡಿಕೆಯಾಗಿ ಒತ್ತಿಕೊಂಡು ಕೂತಿತ್ತು. ಆ ಮಡಿಕೆಗಳಲ್ಲಿ ಆಗಲೇ ಪುಟ್ಟ ನಕ್ಷತ್ರಗಳು ಹುಟ್ಟಿ, ಸಾಲಾಗಿ ಪಂಕ್ತಿಗೆ ಕೂತಿದ್ದವು.

"ಅಜ್ಜಿ, ನನಗೆ?"

"ಎಲೆ ಬಿಟ್ಟು ಎದ್ದವರಿಗೆ ಮತ್ತೆ ಬಡಿಸುವ ಪದ್ಧತಿ ನಮ್ಮಲ್ಲಿಲ್ಲ ಮಗಾ," ಎಂದಿತು ಮೋಡ. "ಬೇಜಾರು ಮಾಡಿಕೊಳ್ಳಬೇಡ, ನೀನು ಊದಿದ್ದರಿಂದಲೇ ಇವು ಹುಟ್ಟಿದ್ದು. ಇವುಗಳ ಊಟ ಮುಗಿಯುವವರೆಗೆ ಅಲ್ಲೇ ಸ್ವಲ್ಪ ದೀಪ ಹಿಡಿದುಕೊಂಡು ನಿಂತಿರು."