ಮೂರನೆಯ ಮುಳ್ಳು

ಚಲನೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ ಎಂದು ಆಗ ಎಲ್ಲರೂ ನಂಬಿದ್ದರು. ಶಿಷ್ಯನೂ ನಂಬಿದ್ದ. ಪರೀಕ್ಷೆಯಲ್ಲಿ ಮೂರನೆಯದನ್ನು ಯಾರೂ ಕೇಳಿರಲಿಲ್ಲ.

“ಗುರುಗಳೇ,” ಎಂದ, “ಸ್ಥಾನ ಬದಲಾಗುವ ದರ ವೇಗ. ವೇಗ ಬದಲಾಗುವ ದರ ವೇಗೋತ್ಕರ್ಷ. ಬಲದ ನಿಯಮ ಅಲ್ಲಿಗೆ ಮುಗಿಯುತ್ತದೆ. ವೇಗೋತ್ಕರ್ಷ ಬದಲಾಗುವ ದರ, ಮತ್ತೆ ಅದು ಬದಲಾಗುವ ದರ, ಹೀಗೆ ಮುಂದುವರಿಸಿದರೆ ಲೆಕ್ಕವೇನೋ ಬರುತ್ತದೆ. ಅರ್ಥ ಬರುತ್ತದೆಯೇ?”

“ನಾಲ್ಕನೆಯದರ ಮಾತು ಆಮೇಲೆ,” ಎಂದರು ಗುರುಗಳು. “ಮೂರನೆಯದರಿಂದಲೇ ಸತ್ತವರಿದ್ದಾರೆ.” ಆಮೇಲೆ ಈ ಕತೆ ಹೇಳಿದರು.

ಒಂದು ಗಣಿ. ಆಳುಗಳನ್ನು ಕಬ್ಬಿಣದ ಕೇಜಿನಲ್ಲಿ ನಿಲ್ಲಿಸಿ, ಉಕ್ಕಿನ ಹಗ್ಗದಿಂದ ಭೂಮಿಯೊಳಕ್ಕೆ ಇಳಿಸುತ್ತಿದ್ದರು. ಪಾಳಿ ಮುಗಿದ ಮೇಲೆ ಎತ್ತುತ್ತಿದ್ದರು. ಹಗ್ಗ ಸುತ್ತುವ ಇಂಜಿನ್ನು ಮೇಲಿತ್ತು. ಅದನ್ನು ಇಪ್ಪತ್ತೆರಡು ವರ್ಷ ಒಬ್ಬ ಮುದುಕ ನಡೆಸಿದ್ದ. ಇಂಜಿನ್ನಿಗೆ ಎರಡು ಮಾಪಕಗಳಿದ್ದವು. ಒಂದು ವೇಗ ತೋರಿಸುತ್ತಿತ್ತು, ಇನ್ನೊಂದು ಇಂಜಿನ್ನಿನ ಎಳೆತ. ಮುಳ್ಳು ಕೆಂಪು ಗೆರೆ ದಾಟದಿದ್ದರೆ ಹಗ್ಗಕ್ಕೆ ಅಪಾಯವಿಲ್ಲ ಎಂಬುದು ಗಣಿಯ ನಿಯಮ.

ಮುದುಕ ಇಂಜಿನ್ನಿನ ಹಿಡಿಯನ್ನು ಒಂದೇ ಸಲ ತಳ್ಳುತ್ತಿರಲಿಲ್ಲ. ಎಳೆತ ಸ್ವಲ್ಪಸ್ವಲ್ಪವಾಗಿ ಬರುತ್ತಿತ್ತು, ಸ್ವಲ್ಪಸ್ವಲ್ಪವಾಗಿ ಹೋಗುತ್ತಿತ್ತು. ಕೇಜು ಹೊರಡುವಾಗ ಆಳುಗಳು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ನಿಂತಿರುತ್ತಿದ್ದರು. ಎದುರಿನ ಗೋಡೆ ಸರಿಯುವುದನ್ನು ನೋಡಿಯೇ ಹೊರಟೆವೆಂದು ಅವರಿಗೆ ಗೊತ್ತಾಗುತ್ತಿತ್ತು.

ಹೊಸ ಮ್ಯಾನೇಜರು ಬಂದ. ಓದಿದವನು. ಗಡಿಯಾರ ಹಿಡಿದು ಒಂದು ವಾರ ನಿಂತು, ಮುದುಕ ಪ್ರತಿ ಸಲವೂ ಅರ್ಧ ನಿಮಿಷ ವ್ಯರ್ಥ ಮಾಡುತ್ತಾನೆಂದು ಕಂಡುಹಿಡಿದ. ಅವನನ್ನು ಕೆಳಗೆ ಕಲ್ಲು ತುಂಬುವ ಕೆಲಸಕ್ಕೆ ಹಾಕಿ, ಇಂಜಿನ್ನಿಗೆ ಚುರುಕಾದವನೊಬ್ಬನನ್ನು ಕೂರಿಸಿದ. ಹೊಸಬ ಪುಂಡನಲ್ಲ. ಕೆಂಪು ಗೆರೆಯನ್ನು ಒಮ್ಮೆಯೂ ದಾಟಲಿಲ್ಲ. ಗೆರೆಯವರೆಗಿನ ಎಳೆತವನ್ನೆಲ್ಲ ಒಂದೇ ಸಲಕ್ಕೆ ಕೊಡುತ್ತಿದ್ದ, ಅಷ್ಟೆ. ಆಳುಗಳ ಅಂಗಿಯ ಮೇಲೆ ಸುಣ್ಣ ಕಾಣಿಸಿಕೊಂಡಿತು.

ಮುದುಕನಿಗೆ ಅದು ಮೊದಲ ದಿನವೇ ಮೊಣಕಾಲಿನಲ್ಲಿ ತಿಳಿಯಿತು. ಹೊರಟ ಕೇಜು ಹಗ್ಗದ ತುದಿಯಲ್ಲಿ ಮೂರು ನಾಲ್ಕು ಸಲ ಮೇಲಕ್ಕೂ ಕೆಳಕ್ಕೂ ಕುಲುಕಾಡಿ ಆಮೇಲೆ ಸುಮ್ಮನಾಗುತ್ತಿತ್ತು. ಮೇಲಿನ ಮಾಪಕಗಳಿಗೆ ಇದು ಕಾಣುವುದಿಲ್ಲವೆಂದು ಅವನು ಬಲ್ಲ. ಮ್ಯಾನೇಜರನ ಕಚೇರಿಗೆ ಹೋದ.

“ಸ್ವಾಮಿ, ವೇಗ ಸರಿಯಾಗಿದೆ. ಎಳೆತವೂ ಸರಿಯಾಗಿದೆ. ಎಳೆತ ಬರುವ ರೀತಿ ಸರಿಯಿಲ್ಲ. ಹಗ್ಗ ತಡೆಯುವುದಿಲ್ಲ.”

“ರೀತಿಯನ್ನು ತೋರಿಸುವ ಮುಳ್ಳು ಯಾವುದಯ್ಯ?”

“ಅಂಥದ್ದಿಲ್ಲ ಸ್ವಾಮಿ.”

“ಇಲ್ಲದ ಮುಳ್ಳನ್ನು ನಾನು ಓದುವುದು ಹೇಗೆ?”

ಕೆಲಸ ಹೋದ ಹೊಟ್ಟೆಕಿಚ್ಚು ಎಂದು ಕಚೇರಿಯವರು ಆಡಿಕೊಂಡರು. ಅದರಲ್ಲಿ ಸ್ವಲ್ಪ ನಿಜವೂ ಇತ್ತು.

ಅಂದಿನಿಂದ ಅವನು ಕೇಜು ಹತ್ತಲಿಲ್ಲ. ಕೇಜು ಓಡಾಡುವ ಶಾಫ್ಟಿನ ಪಕ್ಕದಲ್ಲಿ, ಹಲಗೆಗಳಾಚೆ, ತುರ್ತಿಗೆಂದು ಏಣಿಗಳಿದ್ದವು. ಅವನು ಕೆಲಸ ಮಾಡುವ ಹಂತದಿಂದ ಮೇಲಕ್ಕೆ ಒಂಬೈನೂರು ಅಡಿ. ಹತ್ತಲು ಒಂದೂವರೆ ಗಂಟೆ ಬೇಕು. ಹೆಂಡತಿಯ ಕೊನೆಯ ತಮ್ಮನೂ ಅದೇ ಪಾಳಿಯಲ್ಲಿದ್ದ; ತಾಯಿಯಿಲ್ಲದ ಅವನನ್ನು ಅವಳೇ ಎತ್ತಿ ಬೆಳೆಸಿದ್ದಳು. ಅವನೊಬ್ಬನನ್ನಾದರೂ ಏಣಿಗೆ ಎಳೆಯಬೇಕೆಂದು ಮುದುಕನ ಹಟ. ದಿನವೂ ಕರೆದ. ಮೈದುನ ದಿನವೂ ನಕ್ಕ.

ಏಳನೆಯ ವಾರ, ಮಧ್ಯಾಹ್ನದ ಪಾಳಿ ಬಿಟ್ಟಾಗ, ಮತ್ತೆ ಕರೆದ.

“ಭಾವ, ನೀವು ಏಣಿ ಹತ್ತಿ ಮುಗಿಸೋ ಹೊತ್ತಿಗೆ ನಾನು ಉಂಡು ಮಲಗಿರ್ತೀನಿ,” ಎಂದ ಮೈದುನ. “ಅಕ್ಕನಿಗೆ ಏನಾದ್ರೂ ಹೇಳ್ಬೇಕಾ?”

ಕೇಜಿನಲ್ಲಿದ್ದವರು ನಕ್ಕರು. ಮುದುಕನಿಗೂ ನಗು ಬಂತು. ಹೊರಟ.

ಎರಡು ಏಣಿ ಹತ್ತಿದ್ದ. ಕೆಳಗೆ ಗಂಟೆ ಮೂರು ಸಲ ಬಡಿಯಿತು. ಜನ ತುಂಬಿದ್ದಾರೆ, ಎತ್ತು ಎಂದು ಅದರ ಅರ್ಥ. ಆಮೇಲೆ ಮೇಲಿನಿಂದ ಸದ್ದು ಬಂತು. ಅವನು ಏಣಿಯನ್ನು ಅಪ್ಪಿಕೊಂಡು ನಿಂತ. ಹಲಗೆಗಳಾಚೆ ಹಗ್ಗ ಬಹಳ ಹೊತ್ತು ಬೀಳುತ್ತಲೇ ಇತ್ತು. ಶಾಫ್ಟು ಅಲ್ಲಿಂದ ಕೆಳಕ್ಕೆ ಇನ್ನೂ ಎರಡು ಸಾವಿರ ಅಡಿ ಆಳವಿತ್ತು. ಇಳಿದು ಹೋಗುವುದರಲ್ಲಿ ಅರ್ಥವಿರಲಿಲ್ಲ. ಹತ್ತಿದ.

ಮನೆಗೆ ಹೋದಾಗ ಹೆಂಡತಿ ತಮ್ಮನ ತಟ್ಟೆಗೆ ಮುದ್ದೆ ಹಾಕಿ ಮುಚ್ಚಿಟ್ಟಿದ್ದಳು. ತನ್ನ ಮಾತು ಸರಿಯಾಯಿತೆಂಬುದು ಮುದುಕನಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ವಿಚಾರಣೆ ನಡೆಯಿತು. ಮ್ಯಾನೇಜರು ಇಂಜಿನ್ನಿನ ಪುಸ್ತಕ ತಂದ. ಏಳು ವಾರಗಳಲ್ಲಿ ಒಂದೇ ಒಂದು ಸಲವೂ ಮುಳ್ಳು ಗೆರೆ ದಾಟಿರಲಿಲ್ಲ. ಯಾರದೂ ತಪ್ಪಿಲ್ಲವೆಂದು ಸಮಿತಿ ಬರೆಯಿತು. ಸತ್ತ ಹನ್ನೊಂದು ಜನರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಅದರಲ್ಲಿ ಎರಡು ಹೆಸರು ತಪ್ಪಾಗಿದ್ದವು.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಕತೆಯಲ್ಲಿ ಒಂದು ಅಂಕಿ ಸಿಕ್ಕಿರಲಿಲ್ಲ.

“ಮಾಪಕ ಕೆಟ್ಟಿರಬೇಕು,” ಎಂದ. “ಹಗ್ಗ ಹರಿದಾಗ ಕೇಜು ನಿಜವಾಗಿ ಎಷ್ಟು ವೇಗದಲ್ಲಿತ್ತು, ಗುರುಗಳೇ?”

“ಅದು ಇನ್ನೂ ಹೊರಟಿರಲಿಲ್ಲ,” ಎಂದರು ಗುರುಗಳು.